ಗೀರು ಬಿದ್ದ ಮೊದಲ 18 ಗಂಟೆ

ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ, ಕಸಿ ಕಲಿತು ಹಳ್ಳಿಗಾಡಿನ ಆಸ್ಪತ್ರೆಗೆ ಬಂದ ಹೊಸತರಲ್ಲಿ ನನಗೆ ಒಂದೇ ಚಿಂತೆ: ದಾನದ ಕಣ್ಣು ಸಾಲುತ್ತಿಲ್ಲವಲ್ಲ! ಚಿಂತೆ ಸುಳ್ಳೇನಲ್ಲ. 2016ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಲೆಕ್ಕದಲ್ಲಿ, 70 ಕಾರ್ನಿಯಾ ಬೇಕಾದ ಕಡೆ ಸಿಗುತ್ತಿದ್ದದ್ದು ಒಂದು. ಆದರೆ ಕಣ್ಣು ಸಿಕ್ಕ ಮೇಲೂ ನಾನು ಸೋತೆ.

ಕೊಯ್ಲಿನಲ್ಲಿ ಪೈರಿನ ಗರಿ ತಾಗಿದ ರೈತರೊಬ್ಬರು 12 ದಿನ ಬಿಟ್ಟು ಬಂದರು. ಅಷ್ಟರಲ್ಲಿ ಯಾರೋ ಹೇಳಿದ ಸೊಪ್ಪಿನ ರಸ ಆಗಿತ್ತು, ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಹನಿಯೂ ಆಗಿತ್ತು. ಈ ಹನಿ ಬಿದ್ದರೆ ಎರಡು ದಿನ ಕೆಂಪು ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ಶಿಲೀಂಧ್ರ ಕೊಲ್ಲುವ ನಟಾಮೈಸಿನ್ ಹನಿ ಗಂಟೆಗೊಮ್ಮೆ ಹಾಕಿಸಿದರೂ ಹುಣ್ಣು ತೂತಾಯಿತು. ಕಸಿ ಮಾಡಿ ಗುಡ್ಡೆ ಉಳಿಸಿದೆ. ಕೆಲವು ತಿಂಗಳಾದ ಮೇಲೆ ಒಂದು ಹೊಲಿಗೆ ಸಡಿಲಾಗಿ, ಅಲ್ಲಿಂದ ಸೋಂಕು ಹೊಕ್ಕು, ಹಾಕಿದ ಕಾರ್ನಿಯಾವೂ ಬೆಳ್ಳಗಾಯಿತು. “ಕಸ ಬಿದ್ದ ಹಾಗೆ ಚುಚ್ತಿತ್ತು ಡಾಕ್ಟ್ರೇ, ಅಷ್ಟಕ್ಕೆಲ್ಲ ಬರೋದಾ ಅಂತ ಸುಮ್ಮನಿದ್ದೆ” ಅಂದರು. ಕಸಿಯಾದ ಮೇಲೆ ಹಾಗೆ ಚುಚ್ಚಿದರೆ ಬರಬೇಕೆಂದು ನಾನು ಚೀಟಿಯಲ್ಲಿ ಬರೆದಿದ್ದೆ. ಅವರಿಗೆ ಓದಲು ಬರುವುದಿಲ್ಲವೆಂದು ಗೊತ್ತಾದದ್ದು ಆವತ್ತು.

ಆಗ ಮತ್ತೆ ಓದಿದ್ದು ನೇಪಾಳದ ಭಕ್ತಪುರದ ಅಧ್ಯಯನ, 2001ರದ್ದು. ಕಣ್ಣಿಗೆ ಗೀರು ಬಿದ್ದವರಿಗೆ ಹಳ್ಳಿಯ ಕಾರ್ಯಕರ್ತರೇ 1% ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಮುಲಾಮನ್ನು ದಿನಕ್ಕೆ ಮೂರು ಸಲ, ಮೂರು ದಿನ ಹಚ್ಚಿದ್ದರು. ಪೆಟ್ಟಾದ 18 ಗಂಟೆಯೊಳಗೆ ಶುರುಮಾಡಿದ ಯಾರಿಗೂ ಹುಣ್ಣಾಗಲಿಲ್ಲ. ಓದಿ ನನಗೆ ಸ್ವಲ್ಪ ಅವಮಾನವೇ ಆಯಿತು. ನಾನು ತಾಸುಗಟ್ಟಲೆ ಹೊಲಿಯುತ್ತಿದ್ದ ಕಣ್ಣುಗಳಲ್ಲಿ ಎಷ್ಟಕ್ಕೆ ಆ ಮುಲಾಮೇ ಸಾಕಿತ್ತೋ!

ನಾವೂ ಅದನ್ನೇ ಹಿಡಿದೆವು. ಆರೋಗ್ಯ ಕಾರ್ಯಕರ್ತೆಯರಿಗೆ ನೀಲಿ ಬೆಳಕಿನ ಟಾರ್ಚ್ ಮತ್ತು ಫ್ಲೋರೆಸಿನ್ ಎಂಬ ಬಣ್ಣ ಹಚ್ಚಿದ ಕಾಗದದ ಪಟ್ಟಿ ಕೊಟ್ಟೆವು. ಪಟ್ಟಿಯನ್ನು ಒದ್ದೆ ಮಾಡಿ ಕೆಳರೆಪ್ಪೆಗೆ ಮುಟ್ಟಿಸಿದರೆ ಗೀರು ಹಸಿರಾಗಿ ಹೊಳೆಯುತ್ತದೆ. ಬಾಟಲಿಯ ದ್ರಾವಣ ಬೇಡವೆಂದು ನಾನು ಹಟ ಹಿಡಿದೆ. ತೆರೆದಿಟ್ಟ ಫ್ಲೋರೆಸಿನ್‌ನಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಲೀಸಾಗಿ ಬೆಳೆಯುತ್ತದೆ, ಪರೀಕ್ಷೆಯೇ ರೋಗವಾದೀತು. ಇನ್ನೊಂದು ಕಟ್ಟಪ್ಪಣೆ: ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಮುಲಾಮು ಹಚ್ಚಿಕೊಂಡು ಕಾಯುವುದಿಲ್ಲ, ಅದೇ ದಿನ ಆಸ್ಪತ್ರೆಗೆ.

ಮೊದಲ ತಿಂಗಳು ಯಾರೂ ಬರಲಿಲ್ಲ. “ಕಣ್ಣಿಗೆ ಪೆಟ್ಟಾಗಿದೆಯಾ?” ಎಂದು ಕೇಳುತ್ತಿದ್ದೆವು, ಗರಿ ತಾಗಿದ್ದನ್ನು ಯಾರು ಪೆಟ್ಟು ಅನ್ನುತ್ತಾರೆ? ಕಾರ್ಯಕರ್ತೆಯೊಬ್ಬರು ಪ್ರಶ್ನೆ ಬದಲಿಸಿದರು: “ಕೆಲಸ ಮಾಡ್ತಾ ಕಣ್ಣು ಉಜ್ಜಿಕೊಂಡ್ರಾ? ಈಗಲೂ ನೀರು ಬರ್ತಿದೆಯಾ?” ಆಮೇಲೆ ಜನ ಬರತೊಡಗಿದರು. ನನಗೆ ಹೊಳೆಯದ ಪ್ರಶ್ನೆ ಅದು.

ಕಸಿಯನ್ನೇನೂ ಬಿಡಲಿಲ್ಲ. ನೇತ್ರದಾನದ ವಾಗ್ದಾನ ಪತ್ರಗಳು ಕಪಾಟಿನಲ್ಲೇ ಉಳಿಯುತ್ತವೆ. ಕಣ್ಣು ಸಿಗುವುದು ಸಾವು ನಡೆದ ವಾರ್ಡಿನ ಹೊರಗೆ, ಆರು ತಾಸು ಮೀರುವ ಮೊದಲು, ಮನೆಯವರ ಪಕ್ಕ ಕೂತು ಮೆತ್ತಗೆ ಕೇಳಬಲ್ಲ ಒಬ್ಬರಿದ್ದರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಈಗ ನಾನು ಕೇಳುವುದು ದೃಷ್ಟಿ ಎಷ್ಟಿದೆ ಎಂದಲ್ಲ. ಒಂದೆರಡು ವರ್ಷ ಇವರನ್ನು ಕರೆತರುವವರು ಯಾರು ಎಂದು. ಯಾರೂ ಇಲ್ಲದಿದ್ದರೆ, ಇನ್ನೊಂದು ಕಣ್ಣು ಚೆನ್ನಾಗಿದ್ದರೆ, ಕಸಿ ಬೇಡವೆಂದೂ ಹೇಳುತ್ತೇನೆ.

ಕಸಿಯಾದವರ ಮನೆಗೂ ಅದೇ ಟಾರ್ಚ್ ಹೋಗುತ್ತದೆ. ಸಡಿಲಾದ ಹೊಲಿಗೆಯ ಬುಡದಲ್ಲೂ ಹಸಿರು ನಿಲ್ಲುತ್ತದೆ. ಮೊನ್ನೆ ಕಾರ್ಯಕರ್ತೆ ಫೋನ್ ಮಾಡಿ, “ಸಾರ್, ಒಂದು ದಾರ ಎದ್ದಿದೆ, ಇವರು ಏನೂ ತೊಂದರೆ ಇಲ್ಲ ಅಂತಾರೆ, ಆದ್ರೂ ಬಸ್ ಹತ್ತಿಸಿದೀನಿ” ಅಂದರು. ಮಧ್ಯಾಹ್ನದ ಹೊತ್ತಿಗೆ ಆ ಹೊಲಿಗೆ ತೆಗೆದೆ. ಎರಡು ನಿಮಿಷದ ಕೆಲಸ.