ಬೇಸಿಗೆಯ ಹಕ್ಕಿ ನಡಿಗೆ: ಹೊಸಬರನ್ನು ಕರೆದೊಯ್ಯುವುದು ಹೇಗೆ?

ಏಪ್ರಿಲ್–ಮೇ ತಿಂಗಳಲ್ಲಿ ಮಲೆನಾಡಿನ ಹಕ್ಕಿ ನಡಿಗೆಗೆ ಕಣ್ಣಿಗಿಂತ ಮೊದಲು ಕಿವಿ ಬೇಕು. ಎಲೆ ದಟ್ಟವಾಗಿರುತ್ತದೆ, ಅನೇಕ ಹಕ್ಕಿಗಳಿಗೆ ಗೂಡು ಕಟ್ಟುವ ಕಾಲ. ಕಾಣುವುದು ಒಂದಾದರೆ ಕೇಳುವುದು ಹತ್ತು. ಚಳಿಗಾಲದ ವಲಸೆ ಹಕ್ಕಿಗಳು ಬಹುಪಾಲು ಹೊರಟಿರುತ್ತವೆ. ಹೊಸಬರಿಗೆ ಇದೇ ಅನುಕೂಲ: ಊರ ಹಕ್ಕಿಗಳ ದನಿ ಕಲಿತರೆ ಸಾಕು.

ಮೊದಲು ಜಾಗ. ಮಂಡಗದ್ದೆ, ಗುಡವಿ ಪಕ್ಷಿಧಾಮಗಳಿಗೆ ಈಗ ಹೋದರೆ ನಿರಾಸೆಯೇ; ಅಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಡಿಕೆ ತೋಟದ ಅಂಚು, ಕೆರೆ ಏರಿ, ಹಳ್ಳದ ಪಕ್ಕದ ಗಾಡಿದಾರಿ ಒಳ್ಳೆಯದು. ಒಂದೂವರೆ ಕಿಲೋಮೀಟರ್ ಸಾಕು. ಹಿಂದಿನ ದಿನ ಅದೇ ಹೊತ್ತಿಗೆ ನಡೆದು, ಹಣ್ಣು ಬಿಟ್ಟ ಅತ್ತಿ, ಬಸರಿ, ಗೋಣಿ ಮರ ಎಲ್ಲಿದೆ ನೋಡಿಕೊಳ್ಳಿ. ಅಂಥ ಮರದಿಂದ ಮೂವತ್ತು ಹೆಜ್ಜೆ ದೂರ ಅರ್ಧ ಗಂಟೆ ನಿಂತರೆ ಕುಟ್ರು, ಪಿಕಳಾರ, ಹಸಿರು ಪಾರಿವಾಳ, ಮಂಗಟ್ಟೆ (ಹಾರ್ನ್‌ಬಿಲ್) ತಾವಾಗಿ ಬರುತ್ತವೆ. ಬುಡದಲ್ಲೇ ನಿಂತರೆ ಕತ್ತು ನೋಯುತ್ತದೆ, ಹಕ್ಕಿಯೂ ಹೆದರುತ್ತದೆ.

ಮಂಗನ ಕಾಯಿಲೆಯ ಮಾತು ಬಿಡುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣುಗು ಕಚ್ಚಿ ಬರುತ್ತದೆ, ಬೇಸಿಗೆಯಲ್ಲೂ ಅದರ ಕಾಟವಿದೆ. ಮಂಗ ಸತ್ತ ಸುದ್ದಿ ಇರುವ ಕಡೆ ನಡಿಗೆಯನ್ನೇ ಕೈಬಿಡಿ. ಉಳಿದೆಡೆ ತುಂಬು ತೋಳಿನ ಅಂಗಿ, ಪ್ಯಾಂಟಿನ ಅಂಚು ಸಾಕ್ಸಿನೊಳಗೆ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ವಾರದೊಳಗೆ ಜ್ವರ ಬಂದರೆ ಕಾಡಂಚಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಗುಂಪಿನಲ್ಲಿ ಎಂಟು ಹತ್ತು ಜನ ಸಾಕು, ಇಬ್ಬರಿಗೊಂದು ಬೈನಾಕ್ಯುಲರ್. 8×42 ಅಥವಾ 8×32 ಇರಲಿ; 8 ಎಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಮುಂದಿನ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಹೆಚ್ಚು ಶಕ್ತಿಯದಾದರೆ ಕೈ ನಡುಗಿ ಚಿತ್ರ ಅಲುಗುತ್ತದೆ, ನೋಟದ ಹರವೂ ಕಿರಿದು. ಹೊರಡುವ ಮೊದಲು ಐದು ನಿಮಿಷ ಇದಕ್ಕೇ ಕೊಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಎಲೆಯೊಂದನ್ನು ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳುವುದು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಬಳೆ ತಿರುಗಿಸಿ ಅದೇ ಎಲೆ ನೋಡುವುದು. ಕನ್ನಡಕದವರು ಕಣ್ಣಿನ ರಬ್ಬರ್ ಕಪ್ಪನ್ನು ಒಳಕ್ಕೆ ಇಳಿಸಬೇಕು. ಸೂರ್ಯನ ಕಡೆ ಹಿಡಿಯಲೇಬಾರದು.

ಬೆಳಿಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಮುಗಿಸಿ. ಮೊದಲ ಹತ್ತು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ನಿಂತು, ದನಿ ಬಂದ ಕಡೆ ಕೈ ತೋರಿಸಲಿ. ಬಿಡದೆ ಬರುವ ‘ಕುಟ್ರೂ ಕುಟ್ರೂ’ ಕುಟ್ರುವಿನದು. ಲೋಹ ಬಡಿದಂಥ ಒಂದೇ ಲಯದ ‘ಟುಕ್ ಟುಕ್’ ಕಂಚುಗಾರ ಹಕ್ಕಿಯದು. ತುದಿಕೊಂಬೆಯ ಇಂಪಾದ ಸಿಳ್ಳು ಮಡಿವಾಳನದು. ಕೋಗಿಲೆಯಲ್ಲಿ ಹೊಸಬರು ಎಡವುತ್ತಾರೆ: ‘ಕುಹೂ’ ಎನ್ನುವ ಕಪ್ಪು ಹಕ್ಕಿ ಗಂಡು, ಮೈತುಂಬ ಚುಕ್ಕೆಯ ಹೆಣ್ಣು ‘ಕಿಕ್ ಕಿಕ್’ ಎಂದು ಚೀರಿದಾಗ ಬೇರೆ ಹಕ್ಕಿಯೆಂದೇ ಬರೆದುಬಿಡುತ್ತಾರೆ.

ಕುಟ್ರು ಎಲೆಯಷ್ಟೇ ಹಸಿರು. ಬೈನಾಕ್ಯುಲರ್‌ನಲ್ಲೇ ಹುಡುಕುತ್ತ ಕೂತರೆ ಸಿಗದು. ಬರಿಗಣ್ಣಲ್ಲಿ ಅಲುಗಾಟ ಹಿಡಿದು, ನೋಟ ಕದಲಿಸದೆ ಬೈನಾಕ್ಯುಲರ್ ಕಣ್ಣಿಗೆ ತರಬೇಕು. ಹೆಸರು ಕೇಳುವ ಮೊದಲು ಗಾತ್ರ ಕೇಳಿ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ? ಆಮೇಲೆ ಕೊಕ್ಕು, ಬಾಲ. ಬಣ್ಣ ಕೊನೆಗೆ, ನೆರಳಲ್ಲಿ ಅದು ಮೋಸ ಮಾಡುತ್ತದೆ.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಎದುರಾಳಿ ಬಂತೆಂದು ಗಂಡು ಗೂಡು, ಮರಿ ಬಿಟ್ಟು ಓಡಿ ಬರುತ್ತದೆ. ಮಂಗಟ್ಟೆಯ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಈ ತಿಂಗಳುಗಳಲ್ಲಿ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗಿರುತ್ತದೆ. ಕಿರಿದಾದ ಸೀಳಿನಲ್ಲಿ ಗಂಡು ಉಣಿಸಬೇಕು. ಹಣ್ಣು ಕಚ್ಚಿದ ಗಂಡು ಒಂದೇ ಮರದತ್ತ ಮತ್ತೆ ಮತ್ತೆ ಹಾರಿದರೆ ಗುಂಪನ್ನು ಹಿಂದೆ ಸರಿಸಿ. ಜನ ಕಂಡರೆ ಅದು ಹತ್ತಿರ ಬಾರದು, ಒಳಗಿನವು ಹಸಿದಿರುತ್ತವೆ. ಆ ಮರದ ಜಾಗವನ್ನು ವಾಟ್ಸ್‌ಆ್ಯಪಿನಲ್ಲಿ ಹಂಚಬೇಡಿ.

ಕೊನೆಯಲ್ಲಿ ಪಟ್ಟಿ ಬರೆಯುವಾಗ ಹೊತ್ತು, ಜಾಗ, ಎಣಿಕೆಯ ಜೊತೆಗೆ ‘ಕಂಡಿದ್ದು’, ‘ಕೇಳಿದ್ದು’ ಬೇರೆ ಮಾಡಿ. ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವವರು ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡಬಾರದು.