ಮಂಜು ಬಿಡದ ಚಳಿಗಾಲದಲ್ಲಿ ಅಡಿಕೆ, ಮನೆ, ಘಾಟಿ

ನಮ್ಮ ತೀರ್ಥಹಳ್ಳಿ ಕಡೆ ಹಿಮ ಬೀಳುವುದಿಲ್ಲ. ಆದರೆ ಮಂಜು ಜಾಸ್ತಿಯಾದ ವರ್ಷ ಅಡಿಕೆ ಒಣಗಿಸುವುದೇ ದೊಡ್ಡ ತಲೆಬಿಸಿ. ಬೇಯಿಸಿ ಹರಡಿದ ಅಡಿಕೆಗೆ ಬಿಸಿಲು ಇಳಿಯುವ ಮೊದಲೇ ಟಾರ್ಪಾಲು ಮುಚ್ಚಿ. ಬೆಳಿಗ್ಗೆ ತೆಗೆಯಲು ಅವಸರ ಬೇಡ. ಅದರ ಒಳಮೈಯಲ್ಲೂ ಹನಿ ಕಟ್ಟಿರುತ್ತದೆ. ಸುಮ್ನೆ ಎಳೆದರೆ ಅಷ್ಟೂ ನೀರು ಅಡಿಕೆ ಮೇಲೇ ಸುರಿಯುತ್ತದೆ. ಇಬ್ಬರು ಎರಡು ಕಡೆ ಹಿಡಿದು, ಮಡಚಿ ಎತ್ತಿ. ಬಿಸಿಲು ಕಡಿಮೆ ಇದ್ದರೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ. ದಪ್ಪ ರಾಶಿಗೆ ಬೂಷ್ಟು ಹಿಡಿದರೆ ಬಣ್ಣವೂ ಹೋಯ್ತು, ರೇಟೂ ಹೋಯ್ತು.

ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಲೇಬೇಡಿ. ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ವಯಸ್ಸಾದವರಿಗೆ ಇನ್ನೊಂದು ಕಂಬಳಿ ಕೊಟ್ಟರಾಯಿತು, ಅಲ್ವಾ?

ಆಗುಂಬೆ ಘಾಟಿ ಇಳಿಯುವವರು ಲೋ ಬೀಮ್‌ನಲ್ಲೇ ಹೋಗಿ. ಹೈ ಬೀಮ್ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. 14 ತಿರುವುಗಳಲ್ಲೂ ಹಾರ್ನ್ ಮಾಡಿ.