ಹಳೇ ಲ್ಯಾಪ್‌ಟಾಪ್‌ನಲ್ಲಿ ಮನೆ ರೆಕಾರ್ಡಿಂಗ್: ಚಟಪಟ ಸದ್ದು ನಿಲ್ಲಿಸಿದ ಬಗೆ

ರೆಕಾರ್ಡಿಂಗ್ ಮಾಡುವವರು ‘ಕಂಪ್ಯೂಟರ್ ನಿಧಾನ’ ಎಂದಾಗ ಅದು ಎರಡರಲ್ಲಿ ಒಂದು ರೋಗ. ಪ್ರಾಜೆಕ್ಟ್ ತೆರೆಯಲು ನಿಮಿಷಗಟ್ಟಲೆ ಕಾಯಿಸುವುದು ಒಂದು. ಹಾಡುತ್ತಿರುವಾಗಲೇ ಹೆಡ್‌ಫೋನಿನಲ್ಲಿ ಚಟಪಟ ಸಿಡಿಯುವುದು ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನನ್ನದು ಕೋರ್ ಐ5-3210ಎಂ ಇರುವ ಲ್ಯಾಪ್‌ಟಾಪ್: 4 ಜಿಬಿ ರ‍್ಯಾಮ್, 5400 ಆರ್‌ಪಿಎಂ ಹಾರ್ಡ್‌ಡಿಸ್ಕ್, ವಿಂಡೋಸ್ 10, ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ, ಮೈಕ್ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್.

ಮೊದಲ ರೋಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಮತ್ತು 4 ಜಿಬಿಯ ಎರಡು ಡಿಡಿಆರ್3ಎಲ್ ಕಡ್ಡಿ ಹಾಕಿದೆ. 8 ಜಿಬಿಯ ಒಂದೇ ಕಡ್ಡಿಗಿಂತ ಜೋಡಿ ಲೇಸು, ಎರಡನ್ನೂ ಒಟ್ಟಿಗೆ ಬಳಸುವ ಡ್ಯುಯಲ್ ಚಾನೆಲ್ ಸಿಗುತ್ತದೆ. ಹಳೆಯ ವಿಂಡೋಸನ್ನು ನಕಲು ಮಾಡದೆ ಹೊಸದಾಗಿಯೇ ಹಾಕಿದೆ. ಅದಕ್ಕೂ ಮೊದಲು ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕಿನೊಡನೆ ಮಾತಾಡುವ ಬಗೆ) ಎಎಚ್‌ಸಿಐ ಇದೆಯೇ ನೋಡಿ; ಹಳೆಯ ಬಗೆಯಾದ ಐಡಿಇಯಲ್ಲಿ ವಿಂಡೋಸ್ ಹಾಕಿ ಆಮೇಲೆ ಬದಲಾಯಿಸಿದರೆ ನೀಲಿ ಪರದೆಯೇ ಗತಿ. ಹಳೇ ಡಿಸ್ಕನ್ನು ಡಿವಿಡಿ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಕೂರಿಸಬಹುದು (9.5 ಮಿ.ಮೀ. ಮತ್ತು 12.7 ಮಿ.ಮೀ. ಎಂದು ಎರಡು ದಪ್ಪ, ಅಳೆದೇ ಕೊಳ್ಳಿ). ಆದರೆ ಮೈಕ್ ಪಕ್ಕದಲ್ಲೇ ಅದು ಗುಂಯ್‌ಗುಡುವುದರಿಂದ ನಾನು ತೆಗೆದುಬಿಟ್ಟೆ.

ಇಷ್ಟಾದರೂ ಚಟಪಟ ನಿಲ್ಲಲಿಲ್ಲ. ನಿಲ್ಲಬೇಕಾದ ಕಾರಣವೂ ಇರಲಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೋನೊ ಟ್ರ್ಯಾಕಿಗೆ ಬೇಕಾಗುವುದು ಸೆಕೆಂಡಿಗೆ 144 ಕಿಲೋಬೈಟ್. ಎಂಟು ಟ್ರ್ಯಾಕ್ ಸೇರಿದರೂ ಸುಮಾರು 1.15 ಎಂಬಿ. ಅಷ್ಟನ್ನು ಎಂಥ ಮುದಿ ಡಿಸ್ಕೂ ಬರೆಯುತ್ತದೆ.

ಚಟಪಟಕ್ಕೆ ಕಾರಣ ಗಡುವು ತಪ್ಪುವುದು. ಬಫರ್, ಅಂದರೆ ಒಮ್ಮೆಗೆ ಲೆಕ್ಕ ಹಾಕುವ ದನಿಯ ತುಣುಕು, 128 ಸ್ಯಾಂಪಲ್ ಇಟ್ಟರೆ ಪ್ರೊಸೆಸರ್ 2.7 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಆ ಹೊತ್ತಿಗೆ ಯಾವುದೋ ಡ್ರೈವರ್ ಪ್ರೊಸೆಸರನ್ನು ಹಿಡಿದು ಕೂತಿದ್ದರೆ ದನಿ ತುಂಡಾಗುತ್ತದೆ. ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಳಕೆ ಶೇ. 30 ಎಂದು ತೋರಿಸುತ್ತಿದ್ದರೂ ಹೀಗಾಗುವುದು ಇದಕ್ಕೇ. ಇಂಥ ಡ್ರೈವರ್‌ಗಳನ್ನು ಪತ್ತೆ ಹಚ್ಚುವ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿದೆ. ಸಿಕ್ಕಿಬಿದ್ದವರು ಇಬ್ಬರು: ವೈಫೈ ಹಿಂದಿನ ಎನ್‌ಡಿಐಎಸ್ (ನೆಟ್‌ವರ್ಕ್ ಡ್ರೈವರ್), ಬ್ಯಾಟರಿ ಹಿಂದಿನ ಎಸಿಪಿಐ (ಪವರ್ ನಿರ್ವಹಣೆಯ ಡ್ರೈವರ್). ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರನ್ನೂ ‘ಎಸಿಪಿಐ ಕಂಟ್ರೋಲ್ ಮೆಥಡ್ ಬ್ಯಾಟರಿ’ಯನ್ನೂ ಡಿಸೇಬಲ್ ಮಾಡಿದೆ. ಚಾರ್ಜ್ ಎಂದಿನಂತೆ ಆಗುತ್ತದೆ, ಆದರೆ ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ. ಕರೆಂಟ್ ಹೋಗಿ ಬ್ಯಾಟರಿ ಮುಗಿದಾಗ ಎಚ್ಚರಿಕೆ ಕೊಡದೆ ಆರಿಹೋಗುತ್ತದೆ, ಕಂಟ್ರೋಲ್-ಎಸ್ ಒತ್ತುತ್ತಿರಿ.

ಪವರ್ ಆಯ್ಕೆಗಳಲ್ಲಿ ಹೈ ಪರ್ಫಾರ್ಮೆನ್ಸ್ ಇಟ್ಟು, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನು ಡಿಸೇಬಲ್ ಮಾಡಿದೆ. ಪ್ರಾಜೆಕ್ಟ್ ಫೋಲ್ಡರನ್ನು ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್‌ನ ತಪಾಸಣೆಯಿಂದ ಹೊರಗಿಟ್ಟೆ. ‘ಪಿಸಿ ಬೂಸ್ಟರ್’ ಎಂದು ಮಾರುವ ತಂತ್ರಾಂಶಗಳ ತಂಟೆಗೇ ಹೋಗಬೇಡಿ, ಅವೇ ಹಿನ್ನೆಲೆಯಲ್ಲಿ ಕುಳಿತು ತಿನ್ನುತ್ತವೆ.

ಇನ್ನುಳಿದದ್ದು ರೀಪರ್ ಒಳಗಿನ ಶಿಸ್ತು. ಆಡಿಯೋ ಡಿವೈಸ್‌ನಲ್ಲಿ ಇಂಟರ್‌ಫೇಸಿನದೇ ಎಎಸ್‌ಐಒ (ಕಡಿಮೆ ತಡದ ಆಡಿಯೋ) ಡ್ರೈವರ್ ಇರಬೇಕು. ಸುಮ್ಮನೆ ನುಡಿಸುವ ಟ್ರ್ಯಾಕುಗಳ ಪ್ಲಗಿನ್‌ಗಳನ್ನು (ದನಿ ತಿದ್ದುವ ಪರಿಕರಗಳನ್ನು) ರೀಪರ್ ಮುಂಚಿತವಾಗಿಯೇ ಲೆಕ್ಕ ಹಾಕಿಟ್ಟುಕೊಳ್ಳುತ್ತದೆ. ಆರ್ಮ್ ಮಾಡಿ (ರೆಕಾರ್ಡಿಂಗ್‌ಗೆ ಸಜ್ಜುಗೊಳಿಸಿ) ಮಾನಿಟರಿಂಗ್ (ಹಾಡುವಾಗಲೇ ಕೇಳಿಸುವುದು) ಹಾಕಿದ ಟ್ರ್ಯಾಕಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಹಾಡುವ ಟ್ರ್ಯಾಕ್ ಬೋಳಾಗಿರಲಿ. ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರುವ ಕೊನೆಯ ಟ್ರ್ಯಾಕ್) ಮೇಲಿನ ಲುಕ್‌ಅಹೆಡ್ ಲಿಮಿಟರ್, ಲೀನಿಯರ್ ಫೇಸ್ ಈಕ್ಯೂ ಪ್ಲಗಿನ್‌ಗಳನ್ನು ತೆಗೆದಿಡಿ. ಅವು ಚಟಪಟ ಮಾಡದಿದ್ದರೂ ದನಿಯನ್ನು ತಡವಾಗಿಸಿ ಹಾಡುವವರ ತಾಳ ಕೆಡಿಸುತ್ತವೆ. ಸ್ಯಾಂಪ್ಲರ್‌ನ ತಂಬೂರಿ, ತಬಲಾ ಟ್ರ್ಯಾಕುಗಳನ್ನು ಫ್ರೀಜ್ ಮಾಡಿದರೆ, ಅಂದರೆ ಆಡಿಯೋ ಫೈಲಾಗಿ ಪರಿವರ್ತಿಸಿಟ್ಟರೆ, ರ‍್ಯಾಮ್ ಕೂಡ ಬಿಡುಗಡೆಯಾಗುತ್ತದೆ.

ಹಾಡುವವರಿಗೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ (ದನಿಯನ್ನು ಕಂಪ್ಯೂಟರ್ ದಾಟಿಸದೆ ನೇರ ಕೇಳಿಸುವುದು) ಒಗ್ಗಿದರೆ ಬಫರ್ 512ಕ್ಕೆ ಏರಿಸಿ ನಿಶ್ಚಿಂತೆಯಾಗಿರಬಹುದು. ಆದರೆ ಸುಗಮ ಸಂಗೀತದವರು ಕಿವಿಯಲ್ಲಿ ರಿವರ್ಬ್ (ಅನುರಣನ) ಇಲ್ಲದೆ ಬಾಯಿ ತೆರೆಯುವುದಿಲ್ಲ. ಅವರಿಗಾಗಿ 128 ಇಟ್ಟು, ರೀಪರ್ ಜೊತೆಗೇ ಬರುವ ಹಗುರ ರಿವರ್ಬ್ ಒಂದನ್ನು ಸೆಂಡ್ (ದನಿಯ ಪ್ರತಿಯನ್ನು ಬೇರೆ ಟ್ರ್ಯಾಕಿಗೆ ಕಳಿಸುವ ದಾರಿ) ಮೂಲಕ ಕೊಡುತ್ತೇನೆ. ಆಗ ರೀಪರ್‌ನ ಮಾನಿಟರಿಂಗ್ ಒಂದರಲ್ಲೇ ಕೇಳಬೇಕು. ಡೈರೆಕ್ಟ್ ಮಾನಿಟರಿಂಗ್ ಕೂಡ ಉಳಿದಿದ್ದರೆ ದನಿ ಎರಡೆರಡಾಗಿ ಡಬ್ಬದೊಳಗಿಂದ ಬಂದಂತಿರುತ್ತದೆ.

ಕೊನೆಗೆ ಫ್ಯಾನ್. ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿಗಿಂತ ಚಿಕ್ಕ ಹನಿ ಹೊಸದು ಹಾಕಿ, ಫ್ಯಾನಿನ ರೆಕ್ಕೆಗಳ ದೂಳು ತೆಗೆದೆ. ಮೈಕ್ ತೆರೆದಿರುವಾಗ ಪವರ್ ಆಯ್ಕೆಯಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಶೇ. 99 ಇಡುತ್ತೇನೆ. ಅದರಿಂದ ಈ ಪೀಳಿಗೆಯ ಪ್ರೊಸೆಸರ್ 3.1 ಗಿಗಾಹರ್ಟ್ಸ್‌ನ ಟರ್ಬೊಗೆ ಏರದೆ 2.5ರ ಆಸುಪಾಸಿನಲ್ಲೇ ನಿಂತು ಫ್ಯಾನ್ ತಣ್ಣಗಿರುತ್ತದೆ. ಮಿಕ್ಸಿಂಗ್‌ಗೆ ಕೂತಾಗ ಮತ್ತೆ 100.